ದಾರಿ ತಪ್ಪದೆ ಹೋದ ಮನೆ

ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ಹೆಂಡತಿ ಯಾರ ಮನೆಗೂ ಹೋಗುವಂತಿಲ್ಲ ಎಂಬುದು ನನ್ನ ಚಿಕ್ಕಪ್ಪನ ಮಗಳು ಆರ್ಫಾಳಿಗೆ ಗೊತ್ತಾದದ್ದು ಹೋಗಿ ಬಂದ ಮೇಲೆ.

ತಪ್ಪು ಅವಳದೆಂದು ಹೇಳಲಾರೆ. ಅವಳ ಗಂಡ ಲೆಮ್ಯುಯೆಲ್ ಹ್ಯಾಸ್ಕಿನ್ ಹದಿನಾಲ್ಕು ವರ್ಷ ಸೆನೆಟರ್ ಆಗಿ ಈ ಊರಿನಲ್ಲಿದ್ದರೂ ಊಟ ವಸತಿಯೆಲ್ಲ ಒಂದು ಬಾಡಿಗೆ ಕೋಣೆಯಲ್ಲೇ ಮುಗಿಸಿದ್ದ. ಆರ್ಫಾ ಓಹಾಯೋದ ನಮ್ಮ ಕೂಪರ್ಸ್ ಫೋರ್ಡ್‌ನಲ್ಲೇ ಉಳಿದು, ಸೇಬಿನ ತೋಟ, ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಇಷ್ಟನ್ನೂ ನೋಡಿಕೊಂಡಳು. ಲೆಮ್ ಅಧ್ಯಕ್ಷನಾಗಿ ಗೆದ್ದಾಗ ಅವಳಿಗೆ ಐವತ್ತೊಂದು ವರ್ಷ. ಸಾಮಾನು ಕಟ್ಟುತ್ತಾ ನನಗೆ ಹೇಳಿದಳು: "ಫೀನಾ, ನೀನೂ ಬಾರೇ. ಅಷ್ಟು ದೊಡ್ಡ ಮನೇಲಿ ನಾನೊಬ್ಳೇ ಏನ್ ಮಾಡ್ಲಿ? ಯಾವ ಬಾಗಿಲು ಎಲ್ಲಿಗೆ ಹೋಗುತ್ತೆ ಅಂತ ಹುಡುಕೋದಕ್ಕೇ ನಾಲ್ಕು ವರ್ಷ ಬೇಕು." ನಾನು ಗಂಡ ಸತ್ತು ಆರು ವರ್ಷವಾಗಿದ್ದ ಹೆಂಗಸು. ಟ್ರಂಕು ಒಂದು, ಟೋಪಿಯ ಡಬ್ಬ ಒಂದು, ಅಷ್ಟೇ ಹಿಡಿದು ಹೊರಟೆ.

ನನಗೆ ಸಿಕ್ಕ ಕೆಲಸ ಕಾರ್ಡುಗಳದ್ದು. ಈ ಊರಿನಲ್ಲಿ ಹೆಂಗಸರು ಮಾತಿಗಿಂತ ಹೆಚ್ಚಾಗಿ ಕಾರ್ಡು ಬಳಸುತ್ತಾರೆ. ಬಾಗಿಲಲ್ಲಿ ಹೆಸರಿನ ಕಾರ್ಡು ಕೊಟ್ಟು ಹೋದರೆ ಭೇಟಿ ಆದಂತೆ. ಮೂಲೆ ಮಡಚಿದ್ದರೆ ತಾನೇ ಬಂದಿದ್ದಳು, ಆಳಿನ ಕೈಲಿ ಕಳಿಸಿದ್ದಲ್ಲ ಎಂದರ್ಥ. ಯಾರು ಯಾರ ಮನೆಗೆ ಮೊದಲು ಹೋಗಬೇಕು ಎಂಬುದಕ್ಕೆ ಮಿಲಿಟರಿಯಲ್ಲಿರುವಷ್ಟು ನಿಯಮಗಳಿವೆ. ಚಿಕ್ಕವಳು ದೊಡ್ಡವಳ ಮನೆಗೆ ಮೊದಲು ಹೋಗಬೇಕು. ಗುಮಾಸ್ತನ ಹೆಂಡತಿ ಸೆನೆಟರನ ಹೆಂಡತಿಯ ಬಳಿಗೆ, ಅವಳು ಮಂತ್ರಿಯ ಹೆಂಡತಿಯ ಬಳಿಗೆ, ಎಲ್ಲರೂ ಅಧ್ಯಕ್ಷರ ಹೆಂಡತಿಯ ಬಳಿಗೆ. ಅಲ್ಲಿಗೆ ಮೆಟ್ಟಿಲು ಮುಗಿಯಿತು. ಅವಳು ಎಲ್ಲಿಗೂ ಹೋಗುವಂತಿಲ್ಲ.

ಮಂತ್ರಿ, ಸೆನೆಟರ್, ರಾಯಭಾರಿಗಳ ಹೆಂಡತಿಯರ ಕಾರ್ಡುಗಳನ್ನು ನಾನು ಬೆಳ್ಳಿ ತಟ್ಟೆಯಲ್ಲಿಡುತ್ತಿದ್ದೆ. ಉಳಿದವು ಕಿಟಕಿಯ ಪಕ್ಕದ ಮೇಜಿನ ಡ್ರಾಯರಿಗೆ. ಡಿಸೆಂಬರ್ ಹೊತ್ತಿಗೆ ಡ್ರಾಯರು ಎಳೆದರೆ ಬರುತ್ತಿರಲಿಲ್ಲ, ಅಷ್ಟು ತುಂಬಿತ್ತು.

ಒಂದು ಬೆಳಿಗ್ಗೆ ಆ ಡ್ರಾಯರಿನ ಜೊತೆ ಗುದ್ದಾಡುತ್ತಿದ್ದಾಗ ಬಾಗಿಲು ಕಾಯುವ ಕೆರಿಗನ್ ಹೊಸ ಕಾರ್ಡುಗಳನ್ನು ತಂದ. ಐರ್ಲೆಂಡಿನ ಮುದುಕ. ಐದು ಜನ ಅಧ್ಯಕ್ಷರಿಗೆ ಬಾಗಿಲು ತೆಗೆದವನು. ನನ್ನ ಕೈಲಿದ್ದ ಒಂದು ಕಾರ್ಡನ್ನು ನೋಡಿ ತಲೆಯಾಡಿಸಿದ.

"ಈ ಲಮ್ ಅಮ್ಮ ಪಾಪ. ಖಜಾನೆ ಇಲಾಖೆ ಗುಮಾಸ್ತನ ಹೆಂಡ್ತಿ. ನಮ್ಮ ಚರ್ಚಿನ ಹಿಂದಿನ ಬೀದೀಲೇ ಮನೆ. ಕಾರ್ಡು ಇಟ್ಟು ಹೋಗಿ ಒಂದು ವಾರ ಆಗಿಲ್ಲ, ಮಗಳು ಹೋಗ್ಬಿಟ್ಲು. ಗಂಟಲುಮಾರಿ. ಆರು ವರ್ಷ ಅಷ್ಟೇ."

ಆರ್ಫಾ ಕಿಟಕಿಯ ಬಳಿ ಕಾಲುಚೀಲ ಹೆಣೆಯುತ್ತಿದ್ದಳು. ಅವಳ ಕೈ ನಿಂತಿತು. ಅವಳ ಮಗಳು ಕ್ಲಾರಿಸ್ಸಾ ಹೋದದ್ದೂ ಅದೇ ರೋಗದಿಂದ, ಏಳನೆಯ ವಯಸ್ಸಿನಲ್ಲಿ. ಹನ್ನೆರಡು ವರ್ಷವಾಗಿತ್ತು. ಮಗು ಹೋದ ಬೆಳಿಗ್ಗೆ ಕೂಪರ್ಸ್ ಫೋರ್ಡ್‌ನ ಆರು ಹೆಂಗಸರು ಕರೆಯದೆಯೇ ಒಳಗೆ ಬಂದಿದ್ದೆವು. ಒಬ್ಬಳು ಒಲೆ ಹಚ್ಚಿದಳು. ನಾನು ಪಾತ್ರೆ ತೊಳೆದೆ. ಯಾರೂ ಸಮಾಧಾನದ ಮಾತು ಆಡಿದ ನೆನಪಿಲ್ಲ.

"ಆ ಮನೆ ಎಲ್ಲಿ ಅಂತ ಸರಿಯಾಗಿ ಹೇಳಪ್ಪ ಕೆರಿಗನ್," ಎಂದಳು.

ಕೆರಿಗನ್‌ಗೆ ನಿಯಮ ಗೊತ್ತಿತ್ತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಕೊನೆಗೆ ಅವನು ದಾರಿ ಹೇಳಿದ. ಆಮೇಲೆ ಯಾಕೆ ತಡೆಯಲಿಲ್ಲವೆಂದು ಕೇಳಿದರೆ, "ನನ್ನ ಕೆಲಸ ಬಾಗಿಲು ತೆಗೆಯೋದು ಕಣಮ್ಮ," ಎಂದ.

ಆರ್ಫಾ ಅಡುಗೆಮನೆಗೆ ಇಳಿದು, ಅಲ್ಲಿಯವರ ಮುಖ ನೋಡದೆ ತಾನೇ ಒಂದು ಶುಂಠಿ ಕೇಕ್ ಬೇಯಿಸಿದಳು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾವಿಬ್ಬರೂ ಹಿಂದಿನ ಗೇಟಿನಿಂದ ನಡೆದೇ ಹೊರಟೆವು. ಕಾಲುವೆಯ ಕಡೆಯ ಬೀದಿ, ಕೆಸರು, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು. ಡಾರ್ಕಸ್ ಲಮ್ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡೇ ಬಾಗಿಲು ತೆಗೆದಳು. ಮೂವತ್ತರ ಆಸುಪಾಸಿನವಳು. ಅತ್ತು ಅತ್ತು ಮುಖ ಒಣಗಿತ್ತು.

"ಚರ್ಚಿನಿಂದ ಬಂದ್ರಾ? ಬನ್ನಿ. ಕಾಲೊರಸ್ಕೊಂಡು ಬನ್ನಿ, ಈಗ ತಾನೇ ನೆಲ ಒರಸಿದೀನಿ."

ನಾವು ಕಾಲೊರೆಸಿಕೊಂಡೆವು. ಮುಂದಿನ ಕೋಣೆಯಲ್ಲೇ ಮಂಚದ ಮೇಲೆ ಅವಳ ಅತ್ತೆ ಮಲಗಿದ್ದಳು. ಆ ಮುದುಕಿ ಆರ್ಫಾಳನ್ನು ದಿಟ್ಟಿಸಿ ನೋಡಿ, ಗೋಡೆಗೊರಗಿ ಎದ್ದು ಕೂತಳು.

"ಏ ಡಾರ್ಕಸ್, ಇದು ಹ್ಯಾಸ್ಕಿನ್ ಹೆಂಡ್ತಿ ಕಣೇ. ಪೇಪರಿನ ಚಿತ್ರದಲ್ಲಿ ಮೂಗು ಇನ್ನೂ ದೊಡ್ಡದಿತ್ತು."

ಡಾರ್ಕಸ್ ಬಿಳಿಚಿಕೊಂಡಳು. ಆರ್ಫಾ ಕೇಕನ್ನು ಅವಳ ಕೈಗೆ ಕೊಟ್ಟು, "ನನ್ನ ಮಗಳೂ ಇದೇ ಕಾಯಿಲೇಲಿ ಹೋದ್ಲು. ನಿಮ್ಮ ಮಗು ಹೆಸರೇನು?" ಎಂದಳು.

"ನೆಟ್ಟಿ," ಎಂದಳು ಡಾರ್ಕಸ್. ಆಮೇಲೆ ಎರಡು ಗಂಟೆ ಕಾಲ ಅವಳು ನೆಟ್ಟಿಯ ಮಾತು ನಿಲ್ಲಿಸಲಿಲ್ಲ. ನೆಟ್ಟಿ ಬೆಣ್ಣೆಯನ್ನು ಬೆರಳಲ್ಲಿ ತಿನ್ನುತ್ತಿದ್ದದ್ದು, ಕಾಲುವೆಯ ದೋಣಿಗಳಿಗೆಲ್ಲ ಹೆಸರಿಟ್ಟದ್ದು. ಮಗು ತೀರಿಕೊಂಡ ಮೇಲೆ ಆ ಹೆಸರನ್ನು ಯಾರೂ ಅವಳ ಮುಂದೆ ಎತ್ತಿರಲಿಲ್ಲವೆಂದು ಕಾಣುತ್ತದೆ. ನಾನು ಹಿಂದಿನ ಕೋಣೆಗೆ ಹೋಗಿ ಕಪ್ಪುಗಳನ್ನು ತೊಳೆದೆ.

ಮೂರನೆಯ ದಿನ ಪತ್ರಿಕೆಯಲ್ಲಿ ಬಂತು. ಅಧ್ಯಕ್ಷರ ಪತ್ನಿ ಈ ಚಳಿಗಾಲದ ಮೊದಲ ಭೇಟಿಯನ್ನು ಕಾಲುವೆ ಬದಿಯ ಗುಮಾಸ್ತನ ಮನೆಗೆ ನೀಡಿದರೆಂದೂ, ಮಂತ್ರಿಗಳ ಪತ್ನಿಯರಿಗೆ ಇನ್ನು ಅಲ್ಲಿಗೇ ಹೋಗಿ ಕಾರ್ಡು ಕೊಡುವ ಯೋಗವೆಂದೂ ಬರೆದಿದ್ದರು. ಹತ್ತೂವರೆಗೆ ಮಿಸೆಸ್ ವ್ಯಾನ್ ಡೋರ್ನ್ ಬಂದಳು.

ಅವಳು ವಿದೇಶಾಂಗ ಮಂತ್ರಿಯ ಹೆಂಡತಿ. ಆರ್ಫಾಳನ್ನು ಬಿಟ್ಟರೆ ಈ ಊರಿನ ಹೆಂಗಸರಿಗೆ ಅವಳೇ ಹಿರಿಯಳು. ಅಭ್ಯಾಸದಿಂದ ನೋಡಿದರೆ ಆರ್ಫಾಳಿಗಿಂತಲೂ. ಎತ್ತರದ, ನೆಟ್ಟಗೆ ಕೂರುವ ಹೆಂಗಸು. ಕೆಟ್ಟವಳೆಂದು ನನಗೆ ಅನಿಸಿರಲಿಲ್ಲ. ಒಂದು ದೊಡ್ಡ ಗಡಿಯಾರವನ್ನು ನೋಡಿಕೊಳ್ಳುವ ಕೆಲಸ ತನಗೆ ಬಂದಿದೆ, ಅದು ನಿಂತರೆ ಊರಿಗೆಲ್ಲ ಹೊತ್ತು ತಪ್ಪುತ್ತದೆ ಎಂದು ಅವಳು ನಂಬಿದ್ದಳು.

"ನಿಮಗೆ ಗೊತ್ತಿರಲಿಲ್ಲ, ಅದು ನಮಗೆಲ್ಲ ಅರ್ಥ ಆಗುತ್ತೆ ಮಿಸೆಸ್ ಹ್ಯಾಸ್ಕಿನ್," ಎಂದಳು. "ಆದ್ರೆ ನೋಡಿ, ನೀವು ಮೊದಲು ಯಾರ ಮನೆಗೆ ಹೋಗ್ತೀರೋ ಅವಳೇ ಈ ಊರಿಗೆ ಮೊದಲನೆಯವಳು. ಈಗ ರಾಯಭಾರಿಗಳ ಹೆಂಡತೀರು ನನ್ನ ಕೇಳ್ತಿದಾರೆ, ಊಟದ ಮೇಜಲ್ಲಿ ಮಿಸೆಸ್ ಲಮ್‌ನ ಎಲ್ಲಿ ಕೂರಿಸ್ತೀರಿ ಅಂತ. ತಮಾಷೆಗೆ ಕೇಳ್ತಿದಾರೆ. ಆದ್ರೆ ನಗ್ತಿರೋದು ನಿಮ್ಮ ಯಜಮಾನರನ್ನ ನೋಡಿ."

"ಅವಳ ಮಗು ಸತ್ತಿತ್ತು," ಎಂದಳು ಆರ್ಫಾ.

"ಅಂಥದಕ್ಕೆ ಕಾರ್ಡು ಕಳಿಸಬಹುದು. ಈಗ ಅದನ್ನ ಬಿಡಿ, ಸರಿಮಾಡೋಕೆ ಒಂದು ದಾರಿ ಇದೆ." ಕೈಚೀಲದಿಂದ ಒಂದು ಚೀಟಿ ತೆಗೆದಳು. ಪತ್ರಿಕೆಗೆ ಕಳಿಸಬೇಕಾದ ಎರಡು ಸಾಲು. ಗಾಡಿ ಹೊಡೆಯುವವನು ದಾರಿ ತಪ್ಪಿದ್ದರಿಂದ ಶ್ರೀಮತಿ ಹ್ಯಾಸ್ಕಿನ್ ಅವರು ದಾರಿ ಕೇಳಲೆಂದು ಹತ್ತಿರದ ಮನೆಯೊಂದರ ಬಾಗಿಲು ತಟ್ಟಿದರು, ಅದು ಭೇಟಿಯಲ್ಲ.

"ಇದು ಶನಿವಾರದ ಒಳಗೆ ಬರಬೇಕು. ಬರದಿದ್ರೆ ಜನವರಿಯ ಮೊದಲ ಗುರುವಾರದ ನಿಮ್ಮ ಸ್ವಾಗತ ಕೂಟಕ್ಕೆ ನಾವು ಮಂತ್ರಿಗಳ ಹೆಂಡತೀರು ಏಳು ಜನ ಬರೋಕಾಗಲ್ಲ. ನನಗೂ ಇದು ಇಷ್ಟ ಇಲ್ಲ. ಆದ್ರೆ ನಾವು ಬರದಿದ್ರೆ ಸೆನೆಟರ್‌ಗಳ ಮನೆಯವರು ಬರಲ್ಲ. ಅವರು ಬರದಿದ್ರೆ ಯಾರೂ ಬರಲ್ಲ. ಒಂದು ಸಲ ಖಾಲಿ ಆದ ಕೋಣೆ ನಾಲ್ಕು ವರ್ಷವೂ ಖಾಲಿಯೇ ಇರುತ್ತೆ. ನಾನು ನೋಡಿದೀನಿ."

ಮಧ್ಯಾಹ್ನ ಊಟಕ್ಕೆ ಬಂದ ಲೆಮ್‌ಗೆ ಆಗಲೇ ಎಲ್ಲ ಗೊತ್ತಿತ್ತು. ಅವನು ಮಾಂಸ ಕತ್ತರಿಸುತ್ತಾ, ತಟ್ಟೆಯನ್ನೇ ನೋಡುತ್ತಾ ಮಾತಾಡಿದ.

"ಎರಡು ಸಾಲು ತಾನೇ ಆರ್ಫಾ."

"ಎರಡು ಸಾಲು ಸುಳ್ಳು."

"ಗಾಡಿಯವನಿಗೆ ನಾನು ಹೇಳ್ತೀನಿ. ಅವನು ಬೇಜಾರು ಮಾಡ್ಕೊಳಲ್ಲ."

"ಗಾಡಿಯವನೇ ಇರ್ಲಿಲ್ಲ ಲೆಮ್. ನಡ್ಕೊಂಡು ಹೋಗಿದ್ವಿ. ಇಲ್ಲದೇ ಇರೋ ಗಾಡಿ ಹೆಂಗೆ ದಾರಿ ತಪ್ಪುತ್ತೆ?"

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. ಫೆಬ್ರವರಿಯಲ್ಲಿ ಅವನ ಒಪ್ಪಂದವೊಂದು ಸೆನೆಟ್ಟಿಗೆ ಬರಲಿತ್ತು. ವ್ಯಾನ್ ಡೋರ್ನ್ ಕಡೆಯ ಎಂಟು ವೋಟು ಇಲ್ಲದೆ ಅದು ಗೆಲ್ಲುತ್ತಿರಲಿಲ್ಲ. "ನಾನು ನಿನ್ನಿಂದ ಜಾಸ್ತಿ ಏನೂ ಕೇಳಿಲ್ಲ," ಎಂದ.

ಅದು ನಿಜವೆಂದೇ ಅವನು ನಂಬಿದ್ದ. ಆರ್ಫಾಳ ಮುಖದಲ್ಲಿ ಆಗ ಹಾದುಹೋದದ್ದನ್ನು ನಾನು ಎದುರಿನ ಕುರ್ಚಿಯಿಂದ ನೋಡಿದೆ. ಹದಿನಾಲ್ಕು ಚಳಿಗಾಲ, ಅವನ ತಾಯಿಯ ಹಾಸಿಗೆ, ಕ್ಲಾರಿಸ್ಸಾಳ ಮಣ್ಣಿಗೆ ಅವನು ಎರಡು ದಿನ ತಡವಾಗಿ ಬಂದದ್ದು. ಅದನ್ನೆಲ್ಲ ಅವಳು ಕೊಟ್ಟದ್ದೆಂದು ಎಣಿಸಿರಲಿಲ್ಲ. ಹಾಗಾಗಿ ತಾನು ಅದನ್ನೆಲ್ಲ ಅವಳಿಂದ ಕೇಳಿ ಪಡೆದೆನೆಂದು ಅವನಿಗೂ ಅನಿಸಿರಲಿಲ್ಲ.

"ನಾಳೆ ಹೇಳ್ತೀನಿ," ಎಂದಳು.

ಮರುದಿನ ನಾವು ಮತ್ತೆ ಕಾಲುವೆ ಬೀದಿಗೆ ಹೋದೆವು. ಆರ್ಫಾ ನಿಂತೇ ಡಾರ್ಕಸ್‌ಗೆ ಚೀಟಿಯ ಸಂಗತಿ ಹೇಳಿದಳು. "ನಿಮ್ಮನ್ನ ಕೇಳದೆ ಹೂಂ ಅನ್ನೋಕೂ ಆಗಲ್ಲ, ಊಹೂಂ ಅನ್ನೋಕೂ ಆಗಲ್ಲ. ನಿಮ್ಮ ಯಜಮಾನರ ಕೆಲಸದ ವಿಷಯನೂ ಇದೆ."

"ಹಾಕಿಸಿಬಿಡಿ ಅಮ್ಮ," ಎಂದಳು ಡಾರ್ಕಸ್. "ನಮ್ಮ ಯಜಮಾನರು ಎಫ್ರಾಯಿಮ್ ಕೂಡ ಅದನ್ನೇ ಹೇಳ್ತಿದ್ರು. ದಾರಿ ತಪ್ಪಿ ಬಂದ್ರು ಅಂದ್ರೆ ನಮಗೇನು ಬೇಜಾರಿಲ್ಲ. ನಿಜವಾಗ್ಲೂ."

"ಬೊಗಳ್ತಾಳೆ," ಎಂದಳು ಮಂಚದ ಮೇಲಿನ ಮುದುಕಿ. "ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ. ನಮ್ಮ ನೆಟ್ಟಿಗೋಸ್ಕರ ಬಂದಿದ್ರು, ನಮ್ಮ ನೆಟ್ಟಿ ಹೆಸರು ಕೇಳಿದ್ರು ಅಂತ. ನಾಳೆ ಪೇಪರಲ್ಲಿ ಬಾಗಿಲು ತಪ್ಪಿ ಬಂದಿದ್ರು ಅಂತ ಬಂದ್ರೆ, ಇವಳು ಕೊಡ ಹಿಡ್ಕೊಂಡು ನಲ್ಲಿ ಹತ್ರ ಹೆಂಗೆ ಹೋಗ್ತಾಳೆ ಕೇಳಿ."

"ಅತ್ತೆ, ಸುಮ್ನಿರಿ."

"ಎಪ್ಪತ್ತು ವರ್ಷ ಸುಮ್ನಿದ್ದಾಯ್ತು."

ಡಾರ್ಕಸ್ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಆರ್ಫಾ ಅವಳ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು, ಅಷ್ಟೆ. ಹಿಂದಿರುಗುವ ದಾರಿಯುದ್ದಕ್ಕೂ ಅವಳು ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಊರಿನಲ್ಲಿ ಬೆಟ್ಟ ಹತ್ತುವಾಗ ನಡೆಯುತ್ತಿದ್ದ ಹಾಗೆ.

ಆ ಸಂಜೆ ಅವಳು ತಾನೇ ಬರೆದ ಎರಡು ಸಾಲನ್ನು ಲೆಮ್‌ನ ಮುಂದೆ ಓದಿದಳು: "ಶ್ರೀಮತಿ ಹ್ಯಾಸ್ಕಿನ್ ಅವರು ದಾರಿ ತಪ್ಪಿದ್ದರೆಂಬ ಮಾತು ನಿಜವಲ್ಲ. ಅವರು ಹೋಗಬೇಕೆಂದುಕೊಂಡ ಮನೆಗೇ ಹೋಗಿದ್ದರು."

ಲೆಮ್ ಬಹಳ ಹೊತ್ತು ಗಡ್ಡ ನೀವಿಕೊಂಡ. "ಎಂಟು ವೋಟು," ಎಂದ.

"ಗೊತ್ತು. ಆ ಗುಮಾಸ್ತನ ಕೆಲಸ?"

"ಅದಕ್ಕೆ ಯಾರೂ ಕೈ ಹಾಕಲ್ಲ. ಅಷ್ಟಾದ್ರೂ ನನ್ನ ಕೈಲಿದೆ." ಹಾಳೆಯ ಮೇಲೆ ಶಾಯಿ ಇನ್ನೂ ಹಸಿಯಿತ್ತು. ಅವನು ಅದನ್ನು ಎತ್ತಿಕೊಂಡು ಊದಿ ಒಣಗಿಸಿ ವಾಪಸು ಕೊಟ್ಟ. ಅಷ್ಟೇ ಅವನ ಒಪ್ಪಿಗೆ. ಅವನ ಮಟ್ಟಿಗೆ ಅದು ಚಿಕ್ಕದಾಗಿರಲಿಲ್ಲ.

ಶನಿವಾರ ಅದು ಪತ್ರಿಕೆಯಲ್ಲಿ ಬಂತು. ಭಾನುವಾರ ಚರ್ಚಿನಲ್ಲಿ ನಮ್ಮ ಹಿಂದಿನ ಎರಡು ಸಾಲು ಬೆಂಚು ಖಾಲಿ ಇತ್ತು. ಸೋಮವಾರ ಬೆಳ್ಳಿ ತಟ್ಟೆಗೆ ಒಂದೇ ಒಂದು ಕಾರ್ಡು ಬರಲಿಲ್ಲ. ಆರ್ಫಾ ಖಾಲಿ ತಟ್ಟೆಯನ್ನು ನೋಡಿದಳು. ಆಮೇಲೆ ಕಿಟಕಿಯ ಬಳಿಯ ಮೇಜಿಗೆ ಹೋಗಿ ಎರಡೂ ಕೈಯಿಂದ ಡ್ರಾಯರನ್ನು ಎಳೆದಳು. ಅದು ಬಂದು ನೆಲಕ್ಕೆ ಬಿತ್ತು. ಕಾರ್ಡುಗಳೆಲ್ಲ ಜಮಖಾನೆಯ ಮೇಲೆ ಚೆಲ್ಲಿದವು.

"ಫೀನಾ, ಇವನ್ನ ಬೀದಿ ಬೀದಿ ಪ್ರಕಾರ ಜೋಡಿಸು."

"ಯಾಕೇ?"

"ಒಬ್ಬಳ ಮನೆಗೆ ಹೋದ್ರೆ ಅವಳು ಮೊದಲನೆಯವಳು ಆಗ್ತಾಳೆ ಅಂತಾರಲ್ಲ. ಎಲ್ಲರ ಮನೆಗೂ ಹೋದ್ರೆ ಯಾರು ಮೊದಲನೆಯವಳು ಅಂತ ಅವರೇ ಹೇಳ್ಲಿ. ಮನೆ ಬಂದ ಹಾಗೆ ಹೋಗೋಣ. ನದಿ ಕಡೆಯಿಂದ ಶುರು."

"ಮಿಸೆಸ್ ವ್ಯಾನ್ ಡೋರ್ನ್ ಮನೆ?"

"ಅವಳದು ಯಾವ ಬೀದಿ?"

"ದಿನ್ನೆ ಮೇಲೆ. ಊರಿನ ಆ ತುದಿ."

"ಹಾಗಾದ್ರೆ ಕೊನೇಲಿ ಬರುತ್ತೆ. ಬಿಡೋದು ಬೇಡ. ಅವಳ ಕಾರ್ಡೂ ಸೇರಿಸು."

ಕೂಟದ ಗುರುವಾರಕ್ಕೆ ಹದಿನೇಳು ದಿನವಿತ್ತು. ಭಾನುವಾರಗಳನ್ನೂ ಕ್ರಿಸ್ಮಸ್ಸನ್ನೂ ಬಿಟ್ಟು ದಿನವೂ ನಡೆದೆವು. ನನ್ನ ಎಡಗಾಲಿನ ಬೂಟಿನ ಅಟ್ಟೆ ಹೋಯಿತು, ಹೊಲಿಸಿದೆ, ಮತ್ತೆ ಹೋಯಿತು. ಖಜಾನೆಯಲ್ಲಿ ಕಾಗದ ನಕಲು ಮಾಡುವ ವಿಧವೆ ಮಿಸೆಸ್ ಬಾರ್ಲೋ ಬೆರಳಿನ ಶಾಯಿಯನ್ನು ನಿಂಬೆಯಿಂದ ಉಜ್ಜುತ್ತಲೇ ನಮ್ಮನ್ನು ಬರಮಾಡಿಕೊಂಡಳು. ಒಂದು ಮನೆಯಲ್ಲಿ ಒಳ ಅಂಗಿಯಲ್ಲಿದ್ದ ಗಂಡಸು ಬಾಗಿಲು ತೆಗೆದು, ನೋಡಿ, ಮುಚ್ಚಿ, ಒಳಗೆ "ಸೂಸನ್, ಸತ್ತೆವು ಕಣೇ," ಎಂದದ್ದು ಹೊರಗೆ ಕೇಳಿಸಿತು. ಸೂಸನ್ ಸಾಯಲಿಲ್ಲ, ಕಾಫಿ ಕೊಟ್ಟಳು. ಕರಿಯ ಮಕ್ಕಳ ಶಾಲೆ ನಡೆಸುವ ಮಿಸೆಸ್ ಗ್ರೇ ಮುಂದಿನ ಬಾಗಿಲಲ್ಲಿ ನಿಂತಿದ್ದ ಆರ್ಫಾಳನ್ನು ಅಳೆದು ನೋಡಿದಳು.

"ಬಿಳಿ ಹೆಂಗಸರು ನಮ್ಮನೆಗೆ ಬಂದ್ರೆ ಹಿಂದಿನ ಬಾಗಿಲಿಗೆ ಬರ್ತಾರೆ. ಬಟ್ಟೆ ಒಗೆಯೋಕೆ ಯಾರಾದ್ರೂ ಸಿಗ್ತಾರಾ ಅಂತ."

"ನಮ್ಮ ಬಟ್ಟೆ ನಾವೇ ಒಗ್ಕೊಳೋರು," ಎಂದಳು ಆರ್ಫಾ. "ನೀವು ಅಕ್ಟೋಬರಲ್ಲಿ ಕಾರ್ಡು ಇಟ್ಟು ಬಂದಿದ್ರಿ. ಉತ್ತರ ಕೊಡೋದು ತಡ ಆಯ್ತು."

ಮಿಸೆಸ್ ಗ್ರೇ ನಗಲಿಲ್ಲ. ಆದರೆ ಪಕ್ಕಕ್ಕೆ ಸರಿದು ದಾರಿ ಕೊಟ್ಟಳು, ಆಮೇಲೆ ಒಂದು ಗಂಟೆ ಬಿಡಲಿಲ್ಲ. ಎಲ್ಲ ಮನೆಗಳಲ್ಲೂ ಕರೆದಂತೆ ಆರ್ಫಾ ಅವಳನ್ನೂ ಗುರುವಾರಕ್ಕೆ ಕರೆದು ಹೊರಡುವಾಗ, "ಕೂಟಕ್ಕೆ ಬರ್ತೀನಿ. ನಿಮ್ಮ ಗೇಟಿನವರು ನನ್ನ ಬಿಡ್ತಾರಾ ಅಂತ ನೋಡಬೇಕು," ಎಂದಳು.

ಪತ್ರಿಕೆಗಳು ದಿನಕ್ಕೊಂದು ತಮಾಷೆ ಬರೆದವು. ಅಂಚೆಯವನಿಗೆ ಸಂಬಳ ದಂಡ, ಶ್ರೀಮತಿ ಹ್ಯಾಸ್ಕಿನ್ ಅವರೇ ಸಾಕು ಎಂದು ಒಬ್ಬ ಬರೆದ. ಆರ್ಫಾ ಅದನ್ನು ಕತ್ತರಿಸಿ ಲೆಮ್‌ನ ತಟ್ಟೆಯ ಕೆಳಗಿಟ್ಟಳು. ಬುಧವಾರದ ಹೊತ್ತಿಗೆ ನೂರ ಎಪ್ಪತ್ತು ಮನೆ ಮುಗಿದಿತ್ತು. ದಿನ್ನೆಯ ಮೇಲಿನ ಬೀದಿಗಳು ಉಳಿದಿದ್ದವು.

ಗುರುವಾರ ಎರಡು ಗಂಟೆಗೆ ನಾವು ನೀಲಿ ಪರದೆಗಳ ಕೋಣೆಯಲ್ಲಿ ನಿಂತೆವು. ಆರ್ಫಾ ಬೂದು ರೇಷ್ಮೆ ಉಟ್ಟಿದ್ದಳು. ಪಕ್ಕದಲ್ಲಿ ಲೆಮ್. ಅವರ ಹಿಂದೆ ಏಳು ಮಂತ್ರಿಗಳ ಹೆಂಡತಿಯರು ಸಾಲಾಗಿ ನಿಲ್ಲಬೇಕು, ಅದು ಪದ್ಧತಿ. ಆ ಜಾಗ ಖಾಲಿಯಿತ್ತು. ಹಜಾರದಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಎರಡು ಗಂಟೆ ಐದು ನಿಮಿಷ. ಹತ್ತು ನಿಮಿಷ. ಯಾರೂ ಬರಲಿಲ್ಲ. ಬ್ಯಾಂಡಿನವರು ಒಂದು ಹಾಡು ಮುಗಿಸಿ, ಮುಂದೇನು ಎಂದು ತಿಳಿಯದೆ ಅದನ್ನೇ ಮತ್ತೆ ಶುರು ಮಾಡಿದರು.

ಕಾಲು ಗಂಟೆಯಾದಾಗ ಆರ್ಫಾಳ ಕತ್ತು ಕೆಂಪಾಗಿತ್ತು. ಲೆಮ್ ಮೆಲ್ಲಗೆ, "ಕೂತ್ಕೋ ಬೇಕಾದ್ರೆ," ಎಂದ. ಅವಳು ಕೂರಲಿಲ್ಲ. ನೂರ ಎಪ್ಪತ್ತು ಮನೆಗಳಲ್ಲಿ ಬಂದೇ ಬರುತ್ತೇವೆ ಅಂದವರ ಮುಖಗಳನ್ನು ನಾನು ನೆನಪಿಸಿಕೊಳ್ಳುತ್ತಿದ್ದೆ. ಬಾಯಿಮಾತಿಗೆ ಅಂದರೇನೋ, ಗಂಡಂದಿರು ಬೇಡವೆಂದರೇನೋ. ಇಂಥ ಹೊತ್ತಿನಲ್ಲಿ ಹೆಂಗಸಿಗೆ ಬೇರೆ ಹೆಂಗಸರ ಮೇಲೆ ಎಷ್ಟು ಬೇಗ ನಂಬಿಕೆ ಹೋಗುತ್ತದೆ ಎಂಬುದನ್ನು ಅಂದು ನನ್ನಲ್ಲೇ ನೋಡಿಕೊಂಡು ನಾಚಿದೆ.

ಕೆರಿಗನ್ ಒಳಗೆ ಬಂದ. ಅವನು ಈ ಕೋಣೆಗೆ ಬರುವಂತಿರಲಿಲ್ಲ.

"ಅಮ್ಮಾವ್ರೆ, ಹೊರಗೆ ಜನ ನಿಂತಿದಾರೆ."

"ನಿಂತಿದಾರಾ? ಎಲ್ಲಿ?"

"ಗೇಟಿನ ಆಚೆ. ಒಂದು ಗಂಟೆಯಿಂದ. ಗಾಡಿಗಳೆಲ್ಲ ಒಳಗೆ ಹೋಗ್ಲಿ, ಆಮೇಲೆ ನಾವು ಹೋಗೋಣ ಅಂತ ಕಾಯ್ತಿದಾರೆ. ನಡ್ಕೊಂಡು ಬರೋರು ಗಾಡಿಗೆ ದಾರಿ ಬಿಡಬೇಕಲ್ವಾ. ಗಾಡಿ ಒಂದೂ ಬಂದಿಲ್ಲ."

ಆರ್ಫಾ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಡೆದಳು. ಅಧ್ಯಕ್ಷರ ಹೆಂಡತಿ ಸ್ವಾಗತದ ಜಾಗ ಬಿಟ್ಟು ಕದಲಬಾರದು. ಅವಳು ಕೋಣೆ ದಾಟಿ, ಹಜಾರ ದಾಟಿ, ಬ್ಯಾಂಡಿನವರ ಮುಂದೆ ಹಾದು, ಟೋಪಿ ಶಾಲು ಏನೂ ಇಲ್ಲದೆ ಜನವರಿಯ ಚಳಿಗೆ ಇಳಿದಳು. ನಾನು ಹಿಂದೆ ಓಡಿದೆ.

ಗೇಟಿನ ಆಚೆ ರಸ್ತೆಯ ತಿರುವಿನವರೆಗೂ ಹೆಂಗಸರು. ಇಸ್ತ್ರಿ ಮಾಡಿದ ಹಳೆಯ ಉಡುಪು, ಹಿಂದಿನ ಕಾಲದ ಟೋಪಿಗಳು, ತಣ್ಣಗಾಗಿ ಕೆಂಪೇರಿದ ಮೂಗುಗಳು. ಮುಂದೆಯೇ ನಿಂತಿದ್ದ ಮಿಸೆಸ್ ಬಾರ್ಲೋ ತಪ್ಪು ಮಾಡಿದವಳಂತೆ ಹೇಳಿದಳು: "ದೊಡ್ಡೋರು ಇನ್ನೂ ಬಂದಿಲ್ಲ ಅಂತ ನಿಂತಿದ್ವಿ."

"ಬರಬೇಕಾದೋರು ನೀವೇ," ಎಂದಳು ಆರ್ಫಾ. "ಬನ್ನಿ ಒಳಗೆ, ಚಳಿ."

ಗೇಟಿನ ಕಾವಲುಗಾರ ಎರಡೂ ಬಾಗಿಲು ತೆರೆದ. ಮೊದಲು ಯಾರೂ ಹೆಜ್ಜೆ ಇಡಲಿಲ್ಲ. ಮಿಸೆಸ್ ಗ್ರೇ ಸಾಲಿನ ನಡುವಿನಿಂದ ಮುಂದೆ ಬಂದು, ಯಾರ ಕಡೆಗೂ ನೋಡದೆ, ನೇರ ನಡೆದು ಒಳಗೆ ಬಂದಳು. ಅವಳ ಹಿಂದೆ ಎಲ್ಲರೂ ಬಂದರು. ಗುಮಾಸ್ತರ ಹೆಂಡತಿಯರು, ನಕಲು ಮಾಡುವವರು, ಅಚ್ಚುಕೂಟದವನ ತಾಯಿ, ಟೋಪಿ ಹೊಲಿಯುವ ಅಕ್ಕತಂಗಿಯರು. ಒಳಗಿನ ಜಮಖಾನೆಯ ಮೇಲೆ ಅರ್ಧ ಗಂಟೆಯಲ್ಲಿ ಕೆಸರಿನ ಒಂದು ದಾರಿಯೇ ಬಿತ್ತು. ಕೆರಿಗನ್ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಕೆಲವರ ಹೆಸರು ಅವನು ಕೂಗುವ ಮೊದಲೇ ಆರ್ಫಾ ಹೇಳಿದಳು. ಮಗುವಿನ ಕೆಮ್ಮು ಹೇಗಿದೆ, ಮಾಡಿನ ಸೋರಿಕೆ ನಿಂತಿತೇ ಎಂದು ಕೇಳಿದಳು. ಯಾವ ಅಧ್ಯಕ್ಷರ ಹೆಂಡತಿಗೂ ಗೊತ್ತಿರದ ಸಂಗತಿಗಳು ಅವಳಿಗೆ ಗೊತ್ತಿದ್ದವು. ಅವುಗಳನ್ನು ತಿಳಿಯಬೇಕಾದರೆ ಮನೆಯೊಳಗೆ ಹೋಗಬೇಕು.

ಹಿಂದೆ ಖಾಲಿಯಿದ್ದ ಸಾಲನ್ನು ಅವಳು ಒಮ್ಮೆ ತಿರುಗಿ ನೋಡಿದಳು. "ಮಿಸೆಸ್ ಬಾರ್ಲೋ, ನಿಮಗೆ ತೊಂದರೆ ಇಲ್ದಿದ್ರೆ ಇಲ್ಲಿ ನಿಲ್ತೀರಾ? ಮಿಸೆಸ್ ಗ್ರೇ, ನೀವೂ. ಫೀನಾ, ನೀನು ಯಾಕೆ ಗೋಡೆಗೆ ಅಂಟಿಕೊಂಡಿದೀಯ, ಬಾ." ಹೀಗೆ ಏಳು ಜನರಾದೆವು. ನನ್ನ ಬೂಟಿನ ಅಟ್ಟೆ ಆಗಲೂ ಬಾಯಿಬಿಟ್ಟಿತ್ತು. ಲಂಗದ ಕೆಳಗೆ ಮುಚ್ಚಿಕೊಂಡು ನಿಂತೆ.

ಮೂರು ಗಂಟೆಯ ನಂತರ ಗಾಡಿಗಳು ಬರತೊಡಗಿದವು. ಖಾಲಿ ಮನೆಯ ಮುಂದೆ ಹಾದುಹೋಗಿ ನೋಡಲು ಬಂದವರು. ಮಂತ್ರಿಗಳ ಮನೆಯವರಿಗೆಂದು ದಕ್ಷಿಣದ ಬಾಗಿಲು ಬೇರೆಯೇ ಇದೆ, ಆದರೆ ಅದನ್ನು ಎರಡೂವರೆಗೆ ಮುಚ್ಚುವುದು ನಿಯಮ, ಮತ್ತು ಕೆರಿಗನ್ ಅಂದು ನಿಯಮವನ್ನು ಬಹಳ ಶ್ರದ್ಧೆಯಿಂದ ಪಾಲಿಸಿದ್ದ. ಒಳಗೆ ಬರಬೇಕಾದವರು ಸಾಲಿನಲ್ಲೇ ಬರಬೇಕಿತ್ತು. ನೌಕಾ ಮಂತ್ರಿಯ ಎಳೆ ವಯಸ್ಸಿನ ಹೆಂಡತಿ ಮಿಸೆಸ್ ಟಾಲಿವರ್ ಮೊದಲು ಗಾಡಿಯಿಂದ ಇಳಿದಳು. ಟೋಪಿ ಹೊಲಿಯುವ ಅಕ್ಕತಂಗಿಯರ ನಡುವೆ ನಿಂತು, ನಲವತ್ತು ನಿಮಿಷ ಟೋಪಿಗಳ ಮಾತಾಡುತ್ತಾ ಬಂದಳು. ಅವಳನ್ನು ನೋಡಿ ಇನ್ನಿಬ್ಬರು ಇಳಿದರು. ಸೆನೆಟರ್‌ಗಳ ಮನೆಯವರಿಗೆ ಅಷ್ಟೇ ಬೇಕಿತ್ತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕೆರಿಗನ್ ಒಡೆದ ಗಂಟಲಲ್ಲಿ ಕೂಗಿದ: "ಮಿಸೆಸ್ ವ್ಯಾನ್ ಡೋರ್ನ್."

ಅವಳ ಮುಂದೆ ಕಲ್ಲಿದ್ದಲು ಮಾರುವವನ ಹೆಂಡತಿಯಿದ್ದಳು. ಮಿಸೆಸ್ ವ್ಯಾನ್ ಡೋರ್ನ್ ಎಂದಿನಂತೆ ನೆಟ್ಟಗೆ ನಡೆದು ಬಂದಳು. ಕೈಗವಸಿನ ಕೈ ಚಾಚಿದಳು. ಹಿಂದೆ ತನ್ನ ಜಾಗದಲ್ಲಿ ನಿಂತಿದ್ದ ಮಿಸೆಸ್ ಗ್ರೇಯನ್ನು ನೋಡಿದಳು. ಮಿಸೆಸ್ ಗ್ರೇ ತಲೆಬಾಗಿ ವಂದಿಸಿದಳು. ಒಂದು ಉಸಿರಿನಷ್ಟು ತಡವಾಗಿ ಮಿಸೆಸ್ ವ್ಯಾನ್ ಡೋರ್ನ್ ಕೂಡ.

"ತುಂಬಾ ಜನ ಬಂದಿದಾರೆ, ಮಿಸೆಸ್ ಹ್ಯಾಸ್ಕಿನ್," ಎಂದಳು.

"ನಿಮ್ಮ ಬೀದಿ ಇನ್ನೂ ಉಳಿದಿದೆ," ಎಂದಳು ಆರ್ಫಾ. "ಸೋಮವಾರ ಬರ್ತೀವಿ. ಇರ್ತೀರಾ?"

ಇಲ್ಲವೆಂದರೆ ಊರಿನಲ್ಲಿ ಅಧ್ಯಕ್ಷರ ಹೆಂಡತಿ ಹೋಗದ ಮನೆ ಅದೊಂದೇ ಆಗುತ್ತಿತ್ತು. ಹೌದೆಂದರೆ ನೂರ ಎಪ್ಪತ್ತು ಮನೆಗಳ ನಂತರದ ಮನೆಯಾಗುತ್ತಿತ್ತು.

"ಇರ್ತೀನಿ," ಎಂದಳು ಮಿಸೆಸ್ ವ್ಯಾನ್ ಡೋರ್ನ್.

ಲೆಮ್ ಕೆಮ್ಮಿ ಕರವಸ್ತ್ರ ತೆಗೆದುಕೊಂಡ. ಅವನು ನಗುವನ್ನು ಅಡಗಿಸುವುದು ಹಾಗೆಯೇ. ಆ ಎಂಟು ವೋಟಿನಲ್ಲಿ ಐದು ಫೆಬ್ರವರಿಯಲ್ಲಿ ಅವನಿಗೇ ಬಂದವು, ಒಪ್ಪಂದ ಗೆದ್ದಿತು. ಆ ಐವರ ಹೆಂಡತಿಯರೂ ಅಂದು ಸಾಲಿನಲ್ಲಿ ನಿಂತವರು. ಗಂಡಸರು ಇದಕ್ಕೆ ಬೇರೆ ಕಾರಣಗಳನ್ನು ಹೇಳುತ್ತಾರೆ.

ಸೋಮವಾರ ದಿನ್ನೆಯ ಮೇಲಿನ ಆ ಮನೆಗೆ ಹೋದೆವು. ಇಂಥ ಭೇಟಿ ಹದಿನೈದು ನಿಮಿಷ ಮೀರಬಾರದು. ಹತ್ತು ನಿಮಿಷ ಹವೆಯ ಮಾತಾಯಿತು. ಆಮೇಲೆ ಮಿಸೆಸ್ ವ್ಯಾನ್ ಡೋರ್ನ್ ಕಪ್ಪನ್ನು ಕೆಳಗಿಟ್ಟಳು.

"ನನ್ನ ಮಗ ಹೋಗಿ ಒಂಬತ್ತು ವರ್ಷ ಆಯ್ತು. ನಾವು ಆಗ ತಾನೇ ಈ ಊರಿಗೆ ಬಂದಿದ್ವಿ. ನಲವತ್ತೊಂದು ಕಾರ್ಡು ಬಂದವು. ಒಬ್ಬರೂ ಒಳಗೆ ಬರಲಿಲ್ಲ. ನನಗಿಂತ ದೊಡ್ಡೋರು ಮೊದಲು ಬರೋ ಹಾಗಿರಲಿಲ್ಲ, ಚಿಕ್ಕೋರಿಗೆ ಧೈರ್ಯ ಇರಲಿಲ್ಲ." ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ಎಲ್ಲಾ ಪದ್ಧತಿ ಪ್ರಕಾರ ಸರಿಯಾಗೇ ಇತ್ತು."

"ಹೆಸರೇನು?" ಎಂದಳು ಆರ್ಫಾ.

"ಆಗಸ್ಟಸ್," ಎಂದಳು. "ಗಸ್ ಅಂತಿದ್ವಿ."

ಆಗ ಮನೆಯ ಆಳು ತಟ್ಟೆಯಲ್ಲಿ ಒಂದು ಕಾರ್ಡು ಹಿಡಿದು ಬಾಗಿಲಲ್ಲಿ ನಿಂತ. ಯಾವುದೋ ರಾಯಭಾರಿಯ ಹೆಂಡತಿ ಕೆಳಗೆ ಕಾಯುತ್ತಿದ್ದಳು. ಮಿಸೆಸ್ ವ್ಯಾನ್ ಡೋರ್ನ್ ತಟ್ಟೆಯತ್ತ ತಿರುಗಲೂ ಇಲ್ಲ.

"ನಾನು ಮನೇಲಿಲ್ಲ ಅಂತ ಹೇಳು," ಎಂದಳು.

ಆರ್ಫಾ ಕೈಗವಸು ಕಳಚಿ ತೊಡೆಯ ಮೇಲಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಬೀದಿಯಲ್ಲಿ ಇನ್ನೂ ಒಂಬತ್ತು ಮನೆಗಳಿದ್ದವು. ಅಂದು ಅಲ್ಲಿಗೆ ಹೋಗಲಾಗಲಿಲ್ಲ.